ಬದಿಯಡ್ಕದ ನಮ್ಮ ವಯರಿಂಗ್ ಸಂಸ್ಥೆಯನ್ನು ಮಾರಿದ ಬಗೆ

1996ರಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಆರಂಭಿಸಿದ ವಿದ್ಯುತ್ ಗುತ್ತಿಗೆ ಸಂಸ್ಥೆಯನ್ನು ನಾನು 2024ರ ಕೊನೆಯಲ್ಲಿ ಮಾರಿದೆ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ಬೇರೆ ಉದ್ಯೋಗ ಹಿಡಿದಿದ್ದರು, ನನಗೆ ಮಂಡಿನೋವು ಹೆಚ್ಚಾಗಿತ್ತು. ಆದರೂ ಹನ್ನೊಂದು ಮಂದಿ ದುಡಿಯುತ್ತಿದ್ದ ಸಂಸ್ಥೆಯ ಬಾಗಿಲು ಮುಚ್ಚಲು ಮನಸ್ಸು ಒಪ್ಪಲಿಲ್ಲ.

2022ರಲ್ಲಿ ಮಂಗಳೂರಿನ ಗುತ್ತಿಗೆದಾರರೊಬ್ಬರು ಬಂದು ಲೆಕ್ಕ ನೋಡಿದ್ದರು. ವರ್ಷಕ್ಕೆ ಒಂದು ಕೋಟಿ ಇಪ್ಪತ್ತು ಲಕ್ಷ ರೂಪಾಯಿಯ ವಹಿವಾಟು ಇದ್ದುದರಿಂದ ಅದರ ಅರ್ಧವಾದರೂ ಬೆಲೆ ಬಂದೀತೆಂದು ನಾನು ಎಣಿಸಿದ್ದೆ. ಅವರು ಕೇಳಿದ್ದು ಎರಡೇ ಪ್ರಶ್ನೆ: ನಾಳೆಯಿಂದ ನೀವು ಬಾರದಿದ್ದರೆ ಎಷ್ಟು ಗಿರಾಕಿಗಳು ಉಳಿಯುತ್ತಾರೆ, ಪರವಾನಗಿ ಯಾರ ಹೆಸರಿನಲ್ಲಿದೆ? ಗಿರಾಕಿಗಳು ಕರೆ ಮಾಡುತ್ತಿದ್ದುದು ನನ್ನ ಮೊಬೈಲಿಗೆ, ಪರವಾನಗಿಯೂ ನನ್ನದೇ. ಗುತ್ತಿಗೆದಾರನ ಪರವಾನಗಿ ಅಂಗಡಿಯ ಕಪಾಟಿನಂತೆ ಕೈಬದಲಾಗುವ ವಸ್ತುವಲ್ಲ. ರಾಜ್ಯದ ಗಡಿಯಾದ ತಲಪಾಡಿಯಿಂದ ಈಚೆಗೆ ಕೆಲಸ ಮಾಡಬೇಕಾದರೆ ಕೊಳ್ಳುವವರು ಕೇರಳದ ಲೈಸೆನ್ಸಿಂಗ್ ಮಂಡಳಿಯ ಪರವಾನಗಿಯನ್ನು ಬೇರೆಯೇ ಪಡೆಯಬೇಕಿತ್ತು. ಅವರು ಮತ್ತೆ ಬರಲಿಲ್ಲ. ಅವರ ಪ್ರಶ್ನೆಗಳು ನ್ಯಾಯವಾಗಿಯೇ ಇದ್ದವು.

ಅನಂತರದ ಎರಡು ವರ್ಷ ನಾನು ಮಾಡಿದ್ದು, ಸಂಸ್ಥೆಯನ್ನು ನನ್ನಿಂದ ಸ್ವಲ್ಪ ಸ್ವಲ್ಪವೇ ಬಿಡಿಸುವ ಕೆಲಸ. ಅಳತೆ, ದರಪಟ್ಟಿ ಎರಡನ್ನೂ ಸೂಪರ್‌ವೈಸರ್ ಕೈಗೆ ಒಪ್ಪಿಸಿ ಅಂಗಡಿಗೆ ಬೇರೆ ಫೋನ್ ಸಂಖ್ಯೆ ಮಾಡಿಸಿದೆ. ಗಲ್ಫ್ ದುಡ್ಡಿನಲ್ಲಿ ಏಳುವ ಮನೆಗಳ ವಯರಿಂಗ್ ಒಮ್ಮೆ ಮುಗಿದರೆ ಆ ಗಿರಾಕಿ ಮತ್ತೆ ಬರುವುದು ಎಷ್ಟೋ ವರ್ಷಗಳ ಮೇಲೆ. ಅಂಥ ಆದಾಯವನ್ನು ನಂಬಿ ಯಾರೂ ಹಣ ಹೂಡುವುದಿಲ್ಲ. ನಮ್ಮ ಕಡೆ ಬೇಸಗೆಯ ಕೊನೆಯಲ್ಲಿ, ಮೇ ಕೊನೆಗೆ ಬರುವ ತುಳುವರ ಪತ್ತನಾಜೆಯ ದಿನದವರೆಗೆ, ಗುಡುಗು ಸಿಡಿಲಿನ ಕಾಲವಾದ್ದರಿಂದ ಅಡಿಕೆ ತೋಟಗಳ ಪಂಪ್ ಸ್ಟಾರ್ಟರ್, ಮನೆಗಳ ಇನ್ವರ್ಟರ್ ಸುಟ್ಟ ದೂರುಗಳು ಒಂದರ ಹಿಂದೆ ಒಂದು ಬರುತ್ತವೆ. ಆ ಗಿರಾಕಿಗಳಿಗೆ ವರ್ಷಕ್ಕೊಮ್ಮೆ ಅರ್ತಿಂಗ್ (ನೆಲಕ್ಕೆ ಕೊಟ್ಟ ಸಂಪರ್ಕ) ಪರೀಕ್ಷೆ, ಸರ್ಜ್ ರಕ್ಷಣೆಯ (ವೋಲ್ಟೇಜ್ ಒಮ್ಮೆಲೇ ಏರಿದಾಗ ಕಾಯುವ ಸಾಧನ) ತಪಾಸಣೆ, ದುರಸ್ತಿ ಸೇರಿಸಿ ವಾರ್ಷಿಕ ಕರಾರು ಕೊಟ್ಟೆವು. ಎರಡು ವರ್ಷದಲ್ಲಿ ನೂರ ನಲವತ್ತು ಕರಾರುಗಳಾದವು. ಪ್ರತಿ ಮನೆಯ ಅರ್ತ್ ರೋಧ ಮತ್ತು ಮೆಗ್ಗರ್ (ವಯರಿನ ಹೊದಿಕೆಯ ನಿರೋಧ ಅಳೆಯುವ ಉಪಕರಣ) ಅಂಕಿಗಳನ್ನು ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಟ್ಟೆವು. ಕೊನೆಗೆ ನಮ್ಮ ಬೆಲೆಯನ್ನು ಹಿಡಿದು ನಿಲ್ಲಿಸಿದ್ದು ಆ ಪುಸ್ತಕವೇ.

ಮಾರುಕಟ್ಟೆ ಆ ಹೊತ್ತಿಗೆ ಎರಡು ದಿಕ್ಕಿಗೆ ಎಳೆಯುತ್ತಿತ್ತು. 2024ರ ಮೇ ತಿಂಗಳಲ್ಲಿ ಲಂಡನ್ ಲೋಹ ಪೇಟೆಯಲ್ಲಿ ತಾಮ್ರದ ಬೆಲೆ ಟನ್ನಿಗೆ 11,000 ಡಾಲರ್ ದಾಟಿತು. ಆರು ತಿಂಗಳ ಹಿಂದೆ ನಿಗದಿತ ದರಕ್ಕೆ ಒಪ್ಪಿದ್ದ ಎರಡು ಕೆಲಸಗಳಲ್ಲಿ ನಮ್ಮ ಲಾಭವೆಲ್ಲ ಕೇಬಲಿನಲ್ಲೇ ಕರಗಿತು. ಅದೇ ವರ್ಷದ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದು, ಮೂರು ಕಿಲೋವ್ಯಾಟ್‌ನ ಮನೆ ಛಾವಣಿ ಸೌರ ಘಟಕಕ್ಕೆ 78,000 ರೂಪಾಯಿ ಸಹಾಯಧನ ಘೋಷಣೆಯಾದ ಮೇಲೆ ಸೌರ ಘಟಕ ಅಳವಡಿಸುವವರಿಗೆ ಅನುಭವಿ ವಯರ್‌ಮ್ಯಾನ್‌ಗಳ ಕೊರತೆ ಕಾಡಿತು.

ನಮ್ಮ ಸಂಸ್ಥೆಯನ್ನು ಕೊಂಡವರು ಸೌರ ಘಟಕ ಅಳವಡಿಸುವ ಕಾಞಂಗಾಡಿನ ಅಂಥ ಒಬ್ಬರು. ಅವರಲ್ಲಿ ಪರವಾನಗಿ, ಬಂಡವಾಳ ಎರಡೂ ಇದ್ದವು. ಇಲ್ಲದಿದ್ದದ್ದು ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಕನ್ನಡ, ತುಳು ಮಾತಾಡಿ ಅಂಗಳಕ್ಕೆ ಕಾಲಿಡಬಲ್ಲ ಜನ. ನಮ್ಮ ಹುಡುಗರ ಭಾಷೆಗೂ ಒಂದು ಬೆಲೆಯುಂಟು ಎಂದು ನನಗೆ ಅಂದು ಗೊತ್ತಾಯಿತು.

ಅವರ ಲೆಕ್ಕ ಹೀಗಿತ್ತು. ಮೂರು ವರ್ಷದ ಸರಾಸರಿ ಲಾಭ ಹದಿನೈದು ಲಕ್ಷ. ನನ್ನ ಜಾಗದಲ್ಲಿ ಕೂರಿಸುವ ಮ್ಯಾನೇಜರನ ಸಂಬಳ ಆರು ಲಕ್ಷ ಕಳೆದರೆ ಒಂಬತ್ತು. ಅದರ ಎರಡು ಪಟ್ಟು, ಹದಿನೆಂಟು ಲಕ್ಷ, ಗುಡ್‌ವಿಲ್, ಅಂದರೆ ಸಂಸ್ಥೆಯ ಹೆಸರು ಮತ್ತು ಗಿರಾಕಿಗಳ ಬೆಲೆ. ಉಪಕರಣ ಮತ್ತು ದಾಸ್ತಾನಿಗೆ ಬೇರೆ ಐದು ಲಕ್ಷ. ನಾನು ಮರೆತಿದ್ದ ಒಂದು ಸಾಲವನ್ನು ಅವರ ಲೆಕ್ಕಪರಿಶೋಧಕರು ಹೊರತೆಗೆದರು: ಐದು ವರ್ಷ ಮೀರಿದ ಕೆಲಸಗಾರರ ಗ್ರಾಚುಟಿ, ಅಂದರೆ ಕೆಲಸ ಬಿಡುವಾಗ ಅವರಿಗೆ ಕೊಡಬೇಕಾದ ಸೇವಾ ಹಣ. ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಕೂಡಿಸಿದಾಗ ನಾಲ್ಕು ಲಕ್ಷ ಮೀರಿತು. ಅವರೆಲ್ಲರ ಸೇವೆ ಕಡಿಯದೆ ಮುಂದುವರಿಯಬೇಕೆಂಬುದು ನನ್ನ ಹಟವಾಗಿದ್ದುದರಿಂದ ಆ ಮೊತ್ತವನ್ನು ಬೆಲೆಯಲ್ಲಿ ಕಳೆಯಲು ಒಪ್ಪಿದೆ. ಅದಕ್ಕಾಗಿ ನನಗೆ ಇಂದಿಗೂ ಬೇಸರವಿಲ್ಲ.

ನಡೆಯುತ್ತಿರುವ ವ್ಯವಹಾರವನ್ನು ಇಡಿಯಾಗಿ ವರ್ಗಾಯಿಸಿದರೆ ಅದರ ಮೇಲೆ ಜಿಎಸ್‌ಟಿ ಬೀಳುವುದಿಲ್ಲವೆಂದು ತಿಳಿದಿದ್ದರಿಂದ ಸಾಮಾನುಗಳನ್ನು ಬಿಡಿಬಿಡಿಯಾಗಿ ಮಾರಲಿಲ್ಲ. ಅರ್ಧ ಹಣ ಸಹಿಯ ದಿನ ಬಂತು. ಉಳಿದುದು ಎರಡು ಕಂತು, ಎರಡನೆಯದು ವಾರ್ಷಿಕ ಕರಾರುಗಳಲ್ಲಿ ಮುಕ್ಕಾಲು ಪಾಲು ನವೀಕರಣವಾದರೆ ಮಾತ್ರ. ಅದಕ್ಕಾಗಿ ಆರು ತಿಂಗಳು ನಾನೇ ಹೊಸ ಯಜಮಾನರ ಜೊತೆ ಮನೆ ಮನೆಗೆ ಹೋಗಿ ಪರಿಚಯ ಮಾಡಿಸಿದೆ. ಮಾರಾಟದ ಕರಾರಿಗೆ ಸೇರಿಸದೆ ನಾನೇ ಇಟ್ಟುಕೊಂಡದ್ದು ಹಳೆಯ ಬಾಕಿಗಳನ್ನು. ಕಟ್ಟಡ ಗುತ್ತಿಗೆದಾರರೊಬ್ಬರು ಬಿಲ್ಲಿನಲ್ಲಿ ತಡೆಹಿಡಿದ ಐದು ಶೇಕಡಾ ಹಣ ಇನ್ನೂ ಬರಬೇಕಾಗಿದೆ, ಅದರ ಕಾಗದಗಳನ್ನು ಹಿಡಿದು ತಿಂಗಳಿಗೊಮ್ಮೆ ಕಾಸರಗೋಡಿಗೆ ಹೋಗಿಬರುತ್ತೇನೆ.