ಹೆಲ್ಸಿಂಕಿಯ ಕಟ್ಟಡಗಳು, 4ನೇ ನಂಬರ್ ಟ್ರಾಮಿನಲ್ಲಿ

ಗೈಡ್ ಬೇಡ, ಟೂರ್ ಬಸ್ಸೂ ಬೇಡ, ಟ್ರಾಮಿನಲ್ಲೇ ಫಿನ್‌ಲ್ಯಾಂಡಿನ ರಾಜಧಾನಿ ಹೆಲ್ಸಿಂಕಿಯ ಕಟ್ಟಡಗಳನ್ನು ನೋಡ್ತೀನಿ ಅಂದಾಗ ಆಫೀಸಿನ ಗೆಳೆಯರು ಒಬ್ಬರೂ ಒಪ್ಪಲಿಲ್ಲ. ಈ ಜೂನ್‌ನಲ್ಲಿ ನೋಡಿ ಬಂದೆ. ಪಟ್ಟಿಯಲ್ಲಿದ್ದದ್ದು ಒಂದೂ ಬಿಡಲಿಲ್ಲ.

ಟೂರ್ ಬಸ್ ಹಿಂದೆಯೇ ಹತ್ತಿದ್ದೆ. 40 ಯೂರೋ ಹತ್ತಿರ ಹೋಯಿತು, ಬಹುಪಾಲು ಕಿಟಕಿಯಿಂದಲೇ ನೋಡಿದ್ದು. ಇನ್ನೊಮ್ಮೆ ನವೆಂಬರ್ ಕೊನೆಯಲ್ಲಿ ನಡೆದೇ ಸುತ್ತೋಣ ಅಂತ ಹೋದರೆ ಮೂರೂವರೆಗೆಲ್ಲ ಸೂರ್ಯ ಮುಳುಗಿರುತ್ತಿದ್ದ. ಹೋಟೆಲ್ ಬಾಡಿಗೆ ದಂಡ. ಆದರೆ ವಾಸ್ತುಶಿಲ್ಪಿ ಎಲಿಯೆಲ್ ಸಾರಿನೆನ್ ಅವರ ರೈಲ್ವೆ ಸ್ಟೇಷನ್ (1919) ನೋಡಲು ಆ ಕತ್ತಲೇ ಸರಿ. ಬಾಗಿಲ ಪಕ್ಕ ಗ್ರಾನೈಟ್‌ನಲ್ಲಿ ಕೆತ್ತಿದ ಆಳುಗಳ ಕೈಯಲ್ಲಿನ ದೀಪದ ಗೋಳ ಹೊತ್ತಿದ ಮೇಲೇ ಅವರ ಮುಖಕ್ಕೆ ಕಳೆ.

ಈ ಸಲದ ಲೆಕ್ಕ ಬೇರೆ. 10 ಯೂರೋ ಆಸುಪಾಸಿನ ದಿನದ ಟಿಕೆಟ್, ಕಟಾಯನೊಕ್ಕದಿಂದ ಮುಂಕ್ಕಿನಿಯೆಮಿಗೆ ಹೋಗುವ 4ನೇ ನಂಬರ್. ಸೆನೆಟ್ ಚೌಕ, ಕರಡಿ ಕೆತ್ತಿದ ಪೊಹ್ಯೊಲಾ ಕಟ್ಟಡ, ನ್ಯಾಷನಲ್ ಮ್ಯೂಸಿಯಂ, ಫಿನ್ಲಾಂಡಿಯಾ ಹಾಲ್ ಎಲ್ಲ ಅದೇ ದಾರಿಯಲ್ಲಿವೆ. ಒಳಗೆ ಹೋಗುವಂಥದ್ದೆಲ್ಲ ಹಗಲು, ಹೊರಗಿಂದ ನೋಡುವಂಥದ್ದು ರಾತ್ರಿ ಎಂಟರ ಮೇಲೆ. ಜೂನ್‌ನಲ್ಲಿ ಹತ್ತೂವರೆಗೂ ಬಿಸಿಲಿರುತ್ತೆ ಅಲ್ವಾ! ಯಾವ ಕಡೆಯ ಸೀಟು, ಯಾವ ಸ್ಟಾಪಿನಲ್ಲಿ ಇಳಿದು ಫೋಟೋ ತೆಗೆದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಫಿನ್ಲಾಂಡಿಯಾ ಹಾಲಿಗೆ ಜಾಸ್ತಿ ಹೊತ್ತು ಕೊಟ್ಟೆ. ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಅವರ ಈ ಸಭಾಂಗಣ 1971ರದ್ದು. ಹೊದಿಸಿದ್ದ ಇಟಲಿಯ ಕರಾರಾ ಅಮೃತಶಿಲೆ ಅಲ್ಲಿನ ಚಳಿ, ಬಿಸಿಲು, ತೇವಕ್ಕೆ ಹಪ್ಪಳದ ಹಾಗೆ ಬಾಗಿತು. 1990ರ ದಶಕದಲ್ಲಿ ಅದೇ ಕಲ್ಲನ್ನು ಹೊಸದಾಗಿ ಹಾಕಿದರು, ಅದೂ ಬಾಗಿತು. ರಿಪೇರಿಗೆ ಮೊದಲು ಹೋಗಿದ್ದಾಗ ಗೋಡೆಗೆ ಕೆನ್ನೆ ಒತ್ತಿ ಉದ್ದಕ್ಕೆ ನೋಡಿದ್ದೆ, ಒಂದೊಂದು ಚಪ್ಪಡಿಯ ಡೊಂಕೂ ಕಾಣುತ್ತಿತ್ತು. 2025ರಲ್ಲಿ ಮತ್ತೆ ತೆರೆದಿದೆ. ಈಗಿರುವುದು ಲಾಸಾ ಅನ್ನೋ ಇನ್ನೊಂದು ಬಗೆಯ ಅಮೃತಶಿಲೆ. ಮನ್ನೆರ್‌ಹೈಮ್ ರಸ್ತೆಯ ಕಡೆಯಿಂದ, ಸಂಜೆಯ ಓರೆ ಬಿಸಿಲಲ್ಲಿ ಮತ್ತೆ ಅದೇ ಪರೀಕ್ಷೆ ಮಾಡಿದೆ. ಗೋಡೆ ನೇರವಾಗಿದೆ.

ಬಂಡೆ ಕೊರೆದು ಕಟ್ಟಿದ ಟೆಂಪೆಲಿಯಾಉಕಿಯೊ ಚರ್ಚ್ (1969) ಟ್ರಾಮ್ ದಾರಿಯಲ್ಲಿಲ್ಲ, ಹತ್ತು ನಿಮಿಷ ನಡಿಗೆ. ಟಿಕೆಟ್ 8 ಯೂರೋ ಇದ್ದ ನೆನಪು. ತಾಮ್ರದ ಗುಮ್ಮಟದ ಸುತ್ತ 180 ಕಿಟಕಿ. ನಡುಹಗಲಲ್ಲಿ ಹೋಗಿ, ಬೆಳಕು ಬಂಡೆಗೋಡೆಯ ಮೇಲೆ ಗೆರೆಗೆರೆಯಾಗಿ ಬೀಳುತ್ತೆ. ಸ್ಟೇಷನ್ ಹತ್ತಿರದ ‘ಓಡಿ’ ಅನ್ನೋ ಲೈಬ್ರರಿಗೆ (2018) ಹೋಗೋಕೆ ದುಡ್ಡೇ ಬೇಡ. ಮೂರನೇ ಮಹಡಿ ಸಾಕು.

ಆಲ್ಟೊ ವಿನ್ಯಾಸ ಮಾಡಿದ ಪುಸ್ತಕದಂಗಡಿಯಲ್ಲಿ ಬಾಗಿಲಿನ ಕಂಚಿನ ಹಿಡಿಕೆಗಳನ್ನೇ ಹಿಡಿದು ನಿಂತಿದ್ದೆ. ಒಂದರ ಮೇಲೊಂದು ಜೋಡಿಸಿರುವುದರಿಂದ ಮಕ್ಕಳಿಗೂ ಎತ್ತರದವರಿಗೂ ಕೈಗೆ ಸಿಗುತ್ತವೆ. ಇಂಥದ್ದು ಬಸ್ಸಿನಲ್ಲಿ ಕೂತವರಿಗೆ ಎಲ್ಲಿ ಕಾಣಬೇಕು?

ಜಾಸ್ತಿ ಖರ್ಚಾದದ್ದು ಆಲ್ಟೊ 1936ರಲ್ಲಿ ಕಟ್ಟಿಕೊಂಡ ಮನೆಗೆ, 30 ಯೂರೋ ಹತ್ತಿರ. ಅಲ್ಲಿನ ಗೈಡ್ ಜೊತೆಗೇ ಒಳಗೆ ಬಿಡುವುದು, ಮೊದಲೇ ಬುಕ್ ಮಾಡಿ. ಇದೇ 4ನೇ ನಂಬರಿನಲ್ಲಿ ಲಾಯಲಹ್ದೆನ್ ಔಕಿಯೊ ಸ್ಟಾಪಿನಲ್ಲಿ ಇಳಿಯಿರಿ. ಅವರ ಸ್ಟುಡಿಯೋ ಅಲ್ಲಿಂದ ನಡೆಯುವಷ್ಟೇ ದೂರ, ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಿ.