ಬ್ಯಾಡಗಿ ಮೆಣಸಿನಕಾಯಿ ಸೀಮೆಗೆ ಅನುದಾನ ಕೇಳಿದ ನನ್ನ ಅನುಭವ

ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದಿರುವುದು ಬಣ್ಣದಿಂದ. ಖಾರ ಕಡಿಮೆ, ಕೆಂಪು ಜಾಸ್ತಿ. 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಓಲಿಯೋರೆಸಿನ್, ಅಂದರೆ ಮಸಾಲೆಯ ಗಟ್ಟಿ ಸಾರ ಮಾಡುವ ಕಂಪನಿಗಳು ಇದನ್ನು ಕೊಂಡು ಇದರಿಂದ ಬಣ್ಣದ ಸಾರ ತೆಗೆಯುತ್ತವೆ. ಆ ಬಣ್ಣವನ್ನು ಅವರು ಆಸ್ಟಾ ಎಂಬ ಅಳತೆಯಲ್ಲಿ ನೋಡುತ್ತಾರೆ. ಪುಡಿಯನ್ನು ಅಸಿಟೋನ್‌ನಲ್ಲಿ ನೆನೆಸಿಟ್ಟು, ಆ ದ್ರವ 460 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಅಳೆದು ಲೆಕ್ಕ ಹಾಕುತ್ತಾರೆ. ರೈತ ಮಾತ್ರ ಎಪಿಎಂಸಿಯಲ್ಲಿ ಚೀಲ ಬಿಚ್ಚಿಟ್ಟು ಕಣ್ಣಂದಾಜಿಗೆ ಮಾರುತ್ತಾನೆ. ಕೊಳ್ಳುವವರ ಹತ್ತಿರ ಒಂದು ನಂಬರ್ ಇದೆ, ಮಾರುವವನ ಹತ್ತಿರ ಇಲ್ಲ. ಮಾರುಕಟ್ಟೆಯ ಹತ್ತಿರವೇ ಒಂದು ಪರೀಕ್ಷೆಯ ಕೋಣೆ ಮಾಡಲು ಅನುದಾನ ಕೇಳಿ ನಾವು ಬರೆದ ಇಡೀ ಪ್ರಸ್ತಾವನೆ ನಿಂತಿದ್ದು ಇದರ ಮೇಲೆ.

ನಾನು ಉತ್ತರ ಕರ್ನಾಟಕದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಆಹಾರ ತಂತ್ರಜ್ಞಾನ ಪಾಠ ಮಾಡುತ್ತೇನೆ. ಮಾಮೂಲಿ ಸಂಶೋಧನಾ ಪ್ರಾಜೆಕ್ಟ್‌ಗಳು ನಮಗೆ ಹೊಸದಲ್ಲ. ಒಂದು ಯಂತ್ರ, ಒಬ್ಬ ಜೆಆರ್‌ಎಫ್ (ಕಿರಿಯ ಸಂಶೋಧಕ), ಕೊನೆಗೆ ಎರಡು ಪೇಪರ್. ಒಂದು ಪ್ರದೇಶದಲ್ಲಿ ಹೊಸ ಉದ್ಯಮ ಹುಟ್ಟಬೇಕು ಅಂತ ಕೊಡುವ ದುಡ್ಡು ಬೇರೆ ಥರದ್ದು. ಅಲ್ಲಿ ಕೇಳುವುದು ನಿಮ್ಮ ಲ್ಯಾಬ್ ಬಗ್ಗೆ ಕಡಿಮೆ, ನಿಮ್ಮ ಊರಿನ ಬಗ್ಗೆ ಜಾಸ್ತಿ.

ಯಾವ ಯೋಜನೆಗೆ ಅರ್ಜಿ ಹಾಕುವುದು ಅನ್ನುವುದಕ್ಕೇ ಸಾಕಷ್ಟು ಹೊತ್ತು ಹೋಯಿತು. ಕೃಷಿ ಸ್ಟಾರ್ಟಪ್‌ಗಳಿಗೆ ಕೇಂದ್ರದ ರಾಷ್ಟ್ರೀಯ ಕೃಷಿ ವಿಕಾಸ ಯೋಜನೆ, ಅಂದರೆ ಆರ್‌ಕೆವಿವೈ ಇದೆ (ಹಿಂದೆ ಆರ್‌ಕೆವಿವೈ-ರಫ್ತಾರ್ ಅನ್ನುತ್ತಿದ್ದರು). ಐಡಿಯಾ ಹಂತದಲ್ಲಿ 5 ಲಕ್ಷ, ಮುಂದಿನ ಹಂತದಲ್ಲಿ 25 ಲಕ್ಷದವರೆಗೆ ಸಿಗುತ್ತದೆ. ಅದರ ಐದು ನಾಲೆಡ್ಜ್ ಪಾರ್ಟ್ನರ್‌ಗಳಲ್ಲಿ, ಅಂದರೆ ದಾರಿ ತೋರಿಸುವ ಸಂಸ್ಥೆಗಳಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಒಂದು. ಆದರೆ ಆ ಮೊತ್ತ ಹೋಗುವುದು ಸ್ಟಾರ್ಟಪ್‌ಗೆ. ನಮಗೆ ಬೇಕಿದ್ದುದು ಹಲವರು ಬಂದು ಬಳಸುವ ಒಂದು ಜಾಗ, ಉಪಕರಣ, ಅದನ್ನು ನಡೆಸುವ ಜನ. ಅದಕ್ಕೆ ಹೊಂದಿದ್ದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ, ಅಂದರೆ ಡಿಎಸ್‌ಟಿಯ ನಿಧಿ ಯೋಜನೆಯಡಿ ಬರುವ ಟಿಬಿಐ, ಅಂದರೆ ಹೊಸ ಉದ್ಯಮಗಳನ್ನು ಬೆಳೆಸುವ ತಂತ್ರಜ್ಞಾನ ಇನ್‌ಕ್ಯುಬೇಟರ್. ಕಟ್ಟಡವನ್ನು ವಿಶ್ವವಿದ್ಯಾಲಯವೇ ಕೊಡಬೇಕು. ಸೊಸೈಟಿಯನ್ನೋ ಲಾಭ ಹಂಚಿಕೊಳ್ಳದ ಸೆಕ್ಷನ್ 8 ಕಂಪನಿಯನ್ನೋ ಪ್ರತ್ಯೇಕವಾಗಿ ನೋಂದಾಯಿಸಬೇಕು. ಅನುದಾನದ ಅವಧಿ ಮುಗಿದ ಮೇಲೆ ಸ್ವಂತ ಕಾಲ ಮೇಲೆ ನಿಲ್ಲಬೇಕು. ಪ್ರಸ್ತಾವನೆ ಬರೆಯುವವರು ಈ ಕೊನೆಯ ಷರತ್ತನ್ನು ಮೊದಲು ಓದಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಒಂದು ಅಕ್ಷರ ಬರೆಯುವ ಮೊದಲು ನಾವು ಮಾರುಕಟ್ಟೆಗೆ ಹೋದೆವು. ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಟೆಂಡರ್. ಡಬ್ಬಿ, ಕಡ್ಡಿ, ಗುಂಟೂರು ಅಂತ ತಳಿವಾರು ದರ ಬರುತ್ತದೆ. ದಲಾಲರು, ಕೋಲ್ಡ್ ಸ್ಟೋರೇಜ್ ನಡೆಸುವವರು, ಪುಡಿ ಮಾಡುವವರು, ರೈತರು, ಎಲ್ಲರ ಹತ್ತಿರವೂ ಕೂತು ಮಾತಾಡಿದೆವು. ವಿದ್ಯಾರ್ಥಿಗಳ ಕೈಗೆ ಪ್ರಶ್ನಾವಳಿ ಕೊಟ್ಟು ಕಳಿಸಿ ಸುಮ್ನೆ ಕೂರಲಿಲ್ಲ. ಬೇಸಾಯದ ಮನೆಗಳಲ್ಲಿ ಬೆಳೆದವರನ್ನೇ ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ ಮಾತು ಬೇಗ ಕೂಡುತ್ತದೆ.

ತೊಟ್ಟು ಬಿಡಿಸುವ ಕಡೆ ನಡೆದ ಮಾತು ನಮ್ಮ ಪ್ರಸ್ತಾವನೆಯನ್ನೇ ಬದಲಿಸಿತು. ಕಾಯಿಯ ರಾಶಿಯ ಸುತ್ತ ಹೆಂಗಸರು ಕೂತಿದ್ದರು, ಮುಖಕ್ಕೆ ಸೆರಗು ಸುತ್ತಿಕೊಂಡು. ತೊಟ್ಟು ತೆಗೆಯುವ ಯಂತ್ರದ ವಿಚಾರ ನಮ್ಮ ಕರಡಿನಲ್ಲಿತ್ತು. ಒಬ್ಬ ಹಿರಿಯಕ್ಕ ಕೈ ನಿಲ್ಲಿಸದೇ ಹೇಳಿದರು: "ಮಷೀನ್ ತರ್ರಿ ಸರ, ಬ್ಯಾಡ ಅನ್ನಂಗಿಲ್ಲ. ಆದ್ರ ಅದನ್ನ ನಮ್ಮ ಸಂಘಕ್ಕ ಕೊಡ್ರಿ. ಸಾಹುಕಾರಗ ಕೊಟ್ರ ನಾವು ಮನಿಗೆ ಹೋಗೋದ ಸೈ." ಅವರ ಮಾತಿನಲ್ಲಿ ಮಾಲೀಕತ್ವದ ಪ್ರಶ್ನೆ ಪೂರ್ತಿ ಇತ್ತು. ನಾವು ಯಂತ್ರದ ಪ್ರಯೋಗವನ್ನು ಸ್ವಸಹಾಯ ಸಂಘದ ಜೊತೆ ಮಾಡುವುದಾಗಿ ಬರೆದೆವು. ಯಂತ್ರ ಯಾರ ಹೆಸರಿನಲ್ಲಿ ಇರುತ್ತದೆ, ರಿಪೇರಿ ಖರ್ಚು ಯಾರದ್ದು ಅನ್ನುವುದನ್ನೂ ಸೇರಿಸಿದೆವು.

ಸಹಭಾಗಿಗಳ ಪತ್ರ ಅಂದರೆ ಸಾಮಾನ್ಯವಾಗಿ "ಈ ಯೋಜನೆಗೆ ನಮ್ಮ ಸಂಪೂರ್ಣ ಬೆಂಬಲವಿದೆ" ಅಂತ ಲೆಟರ್‌ಹೆಡ್ ಮೇಲೆ ಎರಡು ಸಾಲು. ಅದರಿಂದ ಏನೂ ಉಪಯೋಗವಿಲ್ಲ. ನಾವು ಪ್ರತಿಯೊಬ್ಬರ ಹತ್ತಿರವೂ ಒಂದೇ ಒಂದು ನಿರ್ದಿಷ್ಟ ಮಾತು ಬರೆಸಿಕೊಂಡೆವು. ಒಬ್ಬ ಕೋಲ್ಡ್ ಸ್ಟೋರೇಜ್ ಮಾಲೀಕರು ತಮ್ಮಲ್ಲಿ ಒಂದು ಕೋಣೆ ಮತ್ತು ಕರೆಂಟ್ ಕೊಡುವುದಾಗಿ ಬರೆದರು. ಒಂದು ರೈತ ಉತ್ಪಾದಕ ಕಂಪನಿ ತನ್ನ ಸದಸ್ಯರ ಮಾಲಿನ ಸ್ಯಾಂಪಲ್ ಶುಲ್ಕ ಕೊಟ್ಟೇ ಪರೀಕ್ಷೆ ಮಾಡಿಸುವುದಾಗಿ ಬರೆಯಿತು. ಬರೆದುಕೊಡಲು ಒಪ್ಪದವರ ಹೆಸರನ್ನು ಕೈಬಿಟ್ಟೆವು. ಪಟ್ಟಿ ಸಣ್ಣದಾಯಿತು, ಗಟ್ಟಿಯೂ ಆಯಿತು.

ತಾಂತ್ರಿಕ ಭಾಗ ಬರೆಯುವುದು ಸುಲಭ, ಅದು ನಮ್ಮ ದಿನನಿತ್ಯದ ಕೆಲಸ. ಮೆಣಸಿನಕಾಯಿಯ ತೇವಾಂಶಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಮಿತಿ 11 ಶೇಕಡ. ಕಣದಲ್ಲಿ ಒಣಗಿಸುವಾಗ ಮಳೆ ಬಂದರೆ ಬೂಸ್ಟು ಹಿಡಿಯುತ್ತದೆ, ಅದರಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷದ ಭಯ ಶುರುವಾಗುತ್ತದೆ. ಯುರೋಪಿಗೆ ಕಳಿಸುವ ಮಾಲಿನಲ್ಲಿ ಒಟ್ಟು ಅಫ್ಲಾಟಾಕ್ಸಿನ್ ಕೆಜಿಗೆ 10 ಮೈಕ್ರೋಗ್ರಾಂ ದಾಟುವಂತಿಲ್ಲ. ಹಾಗಾಗಿ ಬಣ್ಣ, ತೇವಾಂಶ, ಅಫ್ಲಾಟಾಕ್ಸಿನ್, ಈ ಮೂರನ್ನೂ ಮಾರುಕಟ್ಟೆಯ ಹತ್ತಿರವೇ ಪರೀಕ್ಷಿಸುವ ಕೋಣೆ ನಮ್ಮ ಯೋಜನೆಯ ನಡುಮನೆ. ಡ್ರೈಯರ್, ತೊಟ್ಟು ತೆಗೆಯುವ ಯಂತ್ರ, ಪ್ಯಾಕಿಂಗ್ ಮಾಡುವ ಹುಡುಗರ ಸ್ಟಾರ್ಟಪ್‌ಗಳು ಅದರ ಸುತ್ತ.

ನಿಜವಾಗಿ ಬೆವರು ಇಳಿದಿದ್ದು ಬಜೆಟ್‌ನಲ್ಲಿ. ಉಪಕರಣದ ಬೆಲೆ ಎಲ್ಲರೂ ಹಾಕುತ್ತಾರೆ. ಅದರ ವಾರ್ಷಿಕ ನಿರ್ವಹಣೆ, ಅಸಿಟೋನ್, ಅಫ್ಲಾಟಾಕ್ಸಿನ್ ಕಿಟ್, ಕ್ಯಾಲಿಬ್ರೇಷನ್, ಕರೆಂಟ್ ಹೋದಾಗ ಯುಪಿಎಸ್, ಇವನ್ನು ಯಾರೂ ನೆನೆಯುವುದಿಲ್ಲ. ಒಬ್ಬ ಟೆಕ್ನಿಷಿಯನ್‌ಗೆ ನ್ಯಾಯವಾದ ಸಂಬಳ ಹಾಕಿ ಅಂತ ನಾನು ಹಟ ಹಿಡಿದೆ. ಒಳ್ಳೆಯ ಯಂತ್ರ ಧೂಳು ತಿನ್ನುವುದು ಹೆಚ್ಚಾಗಿ ನಡೆಸುವವರಿಲ್ಲದೆ. ನಮ್ಮ ಫೈನಾನ್ಸ್ ಆಫೀಸರ್ ಅವರನ್ನು ಮೊದಲ ದಿನದಿಂದಲೇ ಜೊತೆಗೆ ಕೂರಿಸಿಕೊಂಡಿದ್ದರಿಂದ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್, ಪ್ರತ್ಯೇಕ ಖಾತೆ, 12-ಎ ನಮೂನೆಯ ಯುಸಿ (ಹಣ ಬಳಕೆಯ ಪ್ರಮಾಣಪತ್ರ), ಬಡ್ಡಿ ಹಣ ಸರ್ಕಾರಕ್ಕೆ ವಾಪಸ್, ಇವೆಲ್ಲ ಆಮೇಲೆ ತಲೆನೋವಾಗಲಿಲ್ಲ. ಅವರ ಹೆಸರೂ ಪ್ರಸ್ತಾವನೆಯ ತಂಡದಲ್ಲಿದೆ, ಇರಲೇಬೇಕಿತ್ತು.

ತಜ್ಞರ ಸಮಿತಿ ಮುಂದೆ ಪ್ರೆಸೆಂಟೇಷನ್ ಕೊಡುವಾಗ ವಿಜ್ಞಾನದ ಬಗ್ಗೆ ಬಂದ ಪ್ರಶ್ನೆಗಳು ಕಡಿಮೆ. ಒಬ್ಬರು ನೇರವಾಗಿ ಕೇಳಿದರು: "ನಮ್ಮ ದುಡ್ಡು ನಿಂತ ಮೇಲೆ ಆ ಟೆಕ್ನಿಷಿಯನ್‌ಗೆ ಸಂಬಳ ಯಾರು ಕೊಡ್ತಾರೆ?" ರೈತ ಕಂಪನಿಯ ಪತ್ರ ತೋರಿಸಿದೆವು. ಒಂದು ಸ್ಯಾಂಪಲ್‌ಗೆ ಎಷ್ಟು ಶುಲ್ಕ, ಸೀಸನ್‌ನಲ್ಲಿ ಎಷ್ಟು ಸ್ಯಾಂಪಲ್ ಬಂದರೆ ಸಂಬಳ ಹುಟ್ಟುತ್ತದೆ, ಸೀಸನ್ ಅಲ್ಲದ ತಿಂಗಳಲ್ಲಿ ಕೋಲ್ಡ್ ಸ್ಟೋರೇಜ್ ಮಾಲಿನ ಬಣ್ಣ ಎಷ್ಟು ಇಳಿದಿದೆ ಅಂತ ನೋಡುವ ಕೆಲಸದಿಂದ ಎಷ್ಟು ಬರುತ್ತದೆ, ಈ ಲೆಕ್ಕ ಒಂದೇ ಹಾಳೆಯಲ್ಲಿತ್ತು. ಆ ಹಾಳೆಯ ಮೇಲೆಯೇ ಚರ್ಚೆ ಜಾಸ್ತಿ ನಡೆಯಿತು. ಮಂಜೂರಾತಿಗೆ ಅದೇ ಕಾರಣ ಅಂತ ನಾನು ನಂಬಿದ್ದೇನೆ.

ಈಗ ಕೋಣೆ ನಡೆಯುತ್ತಿದೆ. ಟೆಂಡರ್ ದಿನ ಬೆಳಿಗ್ಗೆ ರೈತರು ಸಣ್ಣ ಪ್ಲಾಸ್ಟಿಕ್ ಕವರ್‌ನಲ್ಲಿ ಕಾಯಿ ತರುತ್ತಾರೆ. ಅಸಿಟೋನ್‌ನಲ್ಲಿ ನೆನೆಸಿಡುವ ಪರೀಕ್ಷೆಗೆ ಗಂಟೆಗಟ್ಟಲೆ ಕಾಯಬೇಕು. ಟೆಂಡರ್ ಅಲ್ಲಿಯವರೆಗೆ ಕಾಯುವುದಿಲ್ಲ, ಅಲ್ವಾ? ಅದಕ್ಕೇ ಹಿಂದಿನ ದಿನವೇ ಸ್ಯಾಂಪಲ್ ಕೊಡಿ ಅಂತ ಹಳ್ಳಿಗಳಲ್ಲಿ ಹೇಳುತ್ತಿದ್ದೇವೆ. ನಮ್ಮ ಒಬ್ಬ ಹಳೆಯ ವಿದ್ಯಾರ್ಥಿನಿ ಬೇಗ ಅಂದಾಜು ಕೊಡುವ ಒಂದು ಸಣ್ಣ ಉಪಕರಣದ ಮೇಲೆ ಕೆಲಸ ಮಾಡುತ್ತಿದ್ದಾಳೆ. ಮಾದರಿ ತಯಾರಿಗೆ 10 ಲಕ್ಷದವರೆಗೆ ಕೊಡುವ ನಿಧಿ-ಪ್ರಯಾಸ್‌ಗೆ ಅವಳ ಅರ್ಜಿ ಬರೆಯಲು ಈ ವಾರ ಕೂರುತ್ತಿದ್ದೇವೆ.