ಮುರಿದ ಲೆಕ್ಕ: ಮಗಳನ್ನು ವಾರಂಗಲ್‌ಗೆ ಕಳಿಸಿದ ನನ್ನ ಅನುಭವ

2022ರಲ್ಲಿ ಮಗಳನ್ನು ತೆಲಂಗಾಣದ ವಾರಂಗಲ್ ಎನ್‌ಐಟಿಗೆ, ಅಂದರೆ ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಕಾಲೇಜಿಗೆ, ಸೇರಿಸಿದಾಗ ಹುಮನಾಬಾದ್‌ನ ನಮ್ಮ ಓಣಿಯಲ್ಲಿ ಬುದ್ಧಿ ಹೇಳದವರೇ ಇರಲಿಲ್ಲ. "ಕಲಬುರ್ಗ್ಯಾಗ ಕಾಲೇಜ್ ಇಲ್ಲೇನಪಾ? ಹೆಣ್ಣು ಹುಡುಗೀನ ಬ್ಯಾರೆ ರಾಜ್ಯಕ್ಕ ಕಳಸ್ತಿ" ಅಂತ ನಮ್ಮ ಕಾಕಾ. ನಮ್ಮ ಭಾಗದವರಿಗೆ ಮೀಸಲಿಟ್ಟ 371ಜೆ ಸೀಟು ಕೈಯಲ್ಲಿಟ್ಟುಕೊಂಡು ಹೊರಗೆ ಹೋಗುವವನು ಹುಚ್ಚ ಅಂದ ನಮ್ಮ ಭಾವ. ಅವರ ತಪ್ಪಿಲ್ಲ, ಯಾಕಂದ್ರೆ ಅದಕ್ಕೂ ಮೊದಲು ಮಗನ ವಿಷಯದಲ್ಲಿ ನಾನು ಮಾಡಿದ ಹುಚ್ಚುತನವನ್ನು ಎಲ್ಲರೂ ಕಣ್ಣಾರೆ ನೋಡಿದ್ದರು. ಈಗ ಮಗಳದು ಕೊನೆಯ ಸೆಮಿಸ್ಟರ್. ನಾಲ್ಕು ವರ್ಷದ ಖರ್ಚು 5 ಲಕ್ಷ 60 ಸಾವಿರ ಅಂತ ಬರೆದುಕೊಂಡಿದ್ದೆ, 6 ಲಕ್ಷದ ಒಳಗೇ ಮುಗಿಯುತ್ತಿದೆ. ಇವತ್ತು ಅದೇ ಭಾವ ತನ್ನ ಮಗನ ಲೆಕ್ಕ ಹಾಕಿಸಲು ನನ್ನ ಅಂಗಡಿಗೆ ಬರುತ್ತಾನೆ. ಅದಕ್ಕೇ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಓದಿದ್ದು ಐಟಿಐ. ಎನ್‌ಐಟಿ ಸೀಟು ಹಂಚುವುದು ಕೇಂದ್ರದ ಜೋಸಾ, ಸಿಇಟಿ ಸೀಟು ಹಂಚುವುದು ರಾಜ್ಯದ ಕೆಇಎ. ಅಲ್ಲಿ ಕಾಲೇಜುಗಳನ್ನು ಹೇಗೆ ಆರಿಸಿ ತುಂಬಬೇಕು ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ.

ಮೊದಲು ಮಗನ ಕಥೆ. ಬೇರೆ ರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯ, ಹೆಸರು ಬೇಡ. ಫೋನ್ ಮೇಲೆ ಫೋನ್ ಬಂತು: ನಿಮ್ಮ ಮಗನಿಗೆ 50 ಪರ್ಸೆಂಟ್ ಸ್ಕಾಲರ್‌ಶಿಪ್ ಸಿಕ್ಕಿದೆ, ಮೂರು ದಿನದೊಳಗೆ ಸೀಟು ಹಿಡಿಯಿರಿ. ಟ್ಯೂಷನ್ ಫೀ 1.8 ಲಕ್ಷ, ಅರ್ಧ ಹೋದರೆ 90 ಸಾವಿರ, ಹಾಸ್ಟೆಲ್ ಮತ್ತು ಊಟ 1.1 ಲಕ್ಷ. ವರ್ಷಕ್ಕೆ 2 ಲಕ್ಷ, ನಾಲ್ಕು ವರ್ಷಕ್ಕೆ 8. ಸಿಗರೇಟ್ ಪ್ಯಾಕಿನ ಹಿಂದೆ ಹಾಕಿದ ಲೆಕ್ಕ ಅದು, ನಿಜವಾಗಿಯೂ. ಪತ್ರದ ಎರಡನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇಷ್ಟು ಸಿಜಿಪಿಎ (ಅಂಕದ ಸರಾಸರಿ) ಉಳಿಸಿಕೊಂಡರೆ ಮಾತ್ರ ಅಂತ ಇತ್ತು, ನೋಡಿದೆ, ನಮ್ಮ ಹುಡುಗ ಪಿಯುಸಿಯಲ್ಲಿ 91 ತೆಗೆದವನು, ಅದೇನು ಮಹಾ ಅಂದುಕೊಂಡೆ. ಮೊದಲ ವರ್ಷವೇ ಸ್ವಲ್ಪದರಲ್ಲಿ ತಪ್ಪಿತು. ಸ್ಕಾಲರ್‌ಶಿಪ್ ಹೋಯಿತು. ಮೇಲೆ ಪ್ರತಿ ವರ್ಷ ಫೀಸು ಒಂದಿಷ್ಟು ಏರಿತು. 8 ಲಕ್ಷದ ಲೆಕ್ಕ 12ರ ಹತ್ತಿರ ಹೋಗಿ ನಿಂತಿತು. ಬ್ಯಾಂಕ್ ಸಾಲ 4 ಲಕ್ಷ ಇತ್ತು, ಉಳಿದಿದ್ದಕ್ಕೆ ಮನೆಯಾಕೆಯ ಬಂಗಾರ ಒತ್ತೆ ಇಟ್ಟೆ. ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿಯಿತು, ಆ ಮೂರು ವರ್ಷ ಮದುವೆ ಮನೆಗಳಿಗೆ ಹೋಗುವಾಗ ಆಕೆ ಏನೂ ಅನ್ನಲಿಲ್ಲ, ಆದರೆ ನನಗೆ ಗೊತ್ತಾಗುತ್ತಿತ್ತು.

ರೊಕ್ಕದ್ದು ಬಿಡಿ. ಎರಡನೇ ವರ್ಷ ಅವನಿಗೆ ಡೆಂಗ್ಯೂ ಬಂತು. ಅಲ್ಲಿಗೆ ಎರಡು ರಾತ್ರಿ ರೈಲು. ತತ್ಕಾಲ್ ಸಿಗಲಿಲ್ಲ, ಜನರಲ್ ಬೋಗಿಯಲ್ಲಿ ಬಾಗಿಲ ಹತ್ತಿರ ಕೂತು ಹೋದೆ. ನಾನು ಮುಟ್ಟುವಷ್ಟರಲ್ಲಿ ಅವನು ಡಿಸ್ಚಾರ್ಜ್ ಆಗಿ ರೂಮಿಗೆ ಬಂದಿದ್ದ. "ಯಾಕ್ ಬರ್ಲಿಕ್ಕ ಹೋದ್ಯೋ ಅಪ್ಪಾ" ಅಂದ. ಅಂಗಡಿ ಆರು ದಿನ ಬಂದ್, ಅದೂ ಬೇಸಿಗೆ, ಬೋರ್‌ವೆಲ್ ಮೋಟರ್ ಸುಟ್ಟುಕೊಂಡು ರೈತರು ಸಾಲು ನಿಲ್ಲುವ ಕಾಲ.

ಮಗಳ ಸರದಿ ಬಂದಾಗ 200 ಪುಟದ ನೋಟ್‌ಬುಕ್ ತಂದೆ. ಒಂದೊಂದು ಕಾಲೇಜಿಗೆ ಎರಡು ಲೆಕ್ಕ. ಒಂದು ಅವರು ಹೇಳುವ ಲೆಕ್ಕ. ಇನ್ನೊಂದಕ್ಕೆ ನಾನು ಮುರಿದ ಲೆಕ್ಕ ಅಂತ ಹೆಸರಿಟ್ಟೆ: ಎರಡನೇ ವರ್ಷ ಸ್ಕಾಲರ್‌ಶಿಪ್ ನಿಂತುಹೋಯಿತು, ಫೀಸು ಏರಿತು, ಒಂದು ಸಲ ರಾತ್ರೋರಾತ್ರಿ ಓಡಬೇಕಾಯಿತು ಅಂತ ಹಿಡಿದು ಹಾಕುವ ಲೆಕ್ಕ. ಎರಡನೆಯದನ್ನು ಸಾಲ ಮಾಡಿಯಾದರೂ ತಡೆಯಬಲ್ಲೆನಾ? ಆದರೆ ಮಾತ್ರ ಆ ಕಾಲೇಜು ಪಟ್ಟಿಯಲ್ಲಿ ಉಳಿಯುತ್ತದೆ. ಮೊದಲನೆಯದನ್ನು ನಾನು ಓದುವುದೇ ಬಿಟ್ಟೆ.

ಬರಬಹುದು ಅನ್ನುವ ರೊಕ್ಕಕ್ಕೆಲ್ಲ ಸೊನ್ನೆ ಬರೆದೆ. ಪಿಯುಸಿ ಅಂಕದ ಮೇಲೆ ಕೊಡುವ ಕೇಂದ್ರದ ಸ್ಕಾಲರ್‌ಶಿಪ್ ಇದೆಯಲ್ಲ, ಈಗ ವರ್ಷಕ್ಕೆ 12 ಸಾವಿರ, ಅದಕ್ಕೂ ಸೊನ್ನೆ. ಹುಡುಗಿಯರಿಗೆ ಎಐಸಿಟಿಇ (ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ) ಕೊಡುವ ಪ್ರಗತಿ ಸ್ಕಾಲರ್‌ಶಿಪ್, ವರ್ಷಕ್ಕೆ 50 ಸಾವಿರ, ಅದನ್ನು ಮೊದಲು ಎಲ್ಲ ಕಾಲೇಜಿನ ಮುಂದೆಯೂ ಬರೆದುಬಿಟ್ಟಿದ್ದೆ. ಆಮೇಲೆ ನೋಡಿದರೆ ಅದು ಎಐಸಿಟಿಇ ಮಾನ್ಯತೆಯ ಕಾಲೇಜುಗಳಿಗೆ, ಎನ್‌ಐಟಿಗೆ ಹಿಡಿಯುವುದಿಲ್ಲ. ಎರಡು ಪುಟ ಹರಿದು ಮತ್ತೆ ಬರೆದೆ.

ಕೊನೆಗೆ ಉಳಿದದ್ದು ಐದು. ನೆನಪಿನಿಂದ ಹೇಳುತ್ತಿದ್ದೇನೆ, ಸಾವಿರದಲ್ಲಿ ಹೆಚ್ಚುಕಮ್ಮಿ ಇರಬಹುದು. ಕಲಬುರಗಿಯ ಸಿಇಟಿ ಸೀಟು, ಪಿಜಿ ಊಟ ಎಲ್ಲ ಸೇರಿ ವರ್ಷಕ್ಕೆ 1.6 ಲಕ್ಷ. ಬೆಂಗಳೂರಿನ ಸಿಇಟಿ ಸೀಟು 2.4, ಪಿಜಿಯೇ ತಿಂದುಹಾಕುತ್ತದೆ. ಹೈದರಾಬಾದ್ ಕಡೆಯ ಒಂದು ಖಾಸಗಿ ಕಾಲೇಜು "75 ಪರ್ಸೆಂಟ್ ಸ್ಕಾಲರ್‌ಶಿಪ್" ಅಂದಿತು, ಅವರ ಲೆಕ್ಕದಲ್ಲಿ 2.5, ನನ್ನ ಮುರಿದ ಲೆಕ್ಕದಲ್ಲಿ 4.8. ಆ ಪುಟಕ್ಕೆ ಅಲ್ಲೇ ಅಡ್ಡಗೆರೆ. ಆಮೇಲೆ ಸುರತ್ಕಲ್ ಮತ್ತು ವಾರಂಗಲ್, ಎರಡೂ ಎನ್‌ಐಟಿ. ಟ್ಯೂಷನ್ ಒಂದೇ, ಸೆಮಿಸ್ಟರ್‌ಗೆ 62,500. ಮನೆಯ ಆದಾಯ 1ರಿಂದ 5 ಲಕ್ಷದೊಳಗೆ ಇದ್ದರೆ ಅದರಲ್ಲಿ ಮೂರರಲ್ಲಿ ಎರಡು ಪಾಲು ಮಾಫಿ, 1 ಲಕ್ಷದೊಳಗಿದ್ದರೆ ಪೂರ್ತಿ. ನಮ್ಮದು 2 ಚಿಲ್ಲರೆ ಲಕ್ಷ. ಅಂದರೆ ವರ್ಷಕ್ಕೆ 1.25 ಲಕ್ಷದ ಬದಲು ಸುಮಾರು 42 ಸಾವಿರ. ಇತರೆ ಫೀಸು, ಹಾಸ್ಟೆಲ್, ಮೆಸ್ 75 ಸಾವಿರದ ಆಸುಪಾಸು, ಓಡಾಟ ಮತ್ತು ಕೈಖರ್ಚು 25. ಒಟ್ಟು 1.4. ಈ ಮಾಫಿ ಆದಾಯದ ಮೇಲೆ ನಿಂತದ್ದು, ಮಗಳ ಅಂಕದ ಮೇಲಲ್ಲ. ಹಾಗಾಗಿ ಮುರಿದ ಲೆಕ್ಕ ಹಾಕಿದರೂ ಇಲ್ಲಿ ಮುರಿಯುವುದು ಕಡಿಮೆ. ನಾನು ಅದೃಷ್ಟವಂತ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ, ಈ ಒಂದು ಸಾಲು ಹುಡುಕಲು ಎಷ್ಟು ರಾತ್ರಿ ಕೂತಿದ್ದೇನೆ ನನಗೇ ಗೊತ್ತು.

ಈಗ ಸುರತ್ಕಲ್ಲಾ ವಾರಂಗಲ್ಲಾ ಅನ್ನುವ ಪ್ರಶ್ನೆ. ಸುರತ್ಕಲ್ ನಮ್ಮ ರಾಜ್ಯದ್ದು, ಮಗಳು ಪಿಯುಸಿ ಮಾಡಿದ್ದು ಬೀದರ್‌ನಲ್ಲಿ, ಹೋಮ್ ಸ್ಟೇಟ್ ಕೋಟಾದಲ್ಲಿ ಅಲ್ಲಿ ಕೆಮಿಕಲ್ ಸಿಗುವ ಹಂತದಲ್ಲಿತ್ತು. ವಾರಂಗಲ್‌ನಲ್ಲಿ ನಾವು ಹೊರಗಿನವರು, ಹುಡುಗಿಯರಿಗೇ ಇಟ್ಟ ಸೀಟುಗಳು ಇದ್ದದ್ದರಿಂದ ಮೆಟಲರ್ಜಿ ಸಿಕ್ಕಿತು. (ಇಲ್ಲೊಂದು ಮಾತು. ನಮ್ಮ ಕಡೆ ಬಹಳ ಮಂದಿ ಮಕ್ಕಳನ್ನು ಇಂಟರ್‌ಗೆ, ಅಂದರೆ ಅಲ್ಲಿಯ ಪಿಯುಸಿಗೆ, ಹೈದರಾಬಾದ್‌ಗೆ ಹಾಕುತ್ತಾರೆ. ಎನ್‌ಐಟಿ ಲೆಕ್ಕದಲ್ಲಿ ನಿಮ್ಮ ರಾಜ್ಯ ಅಂದರೆ 12ನೇ ತರಗತಿ ಪಾಸಾದ ರಾಜ್ಯ. ಪಕ್ಕದ ಓಣಿಯ ಹುಡುಗ ಹಾಗೆ ಓದಿ ತೆಲಂಗಾಣದವನಾದ, ಅವನಿಗೆ ವಾರಂಗಲ್ಲೇ ಹೋಮ್ ಸ್ಟೇಟ್ ಆಯಿತು. ಅವರಪ್ಪನಿಗೆ ಇದು ಗೊತ್ತೇ ಇರಲಿಲ್ಲ, ತಾನಾಗಿ ಒದಗಿ ಬಂತು.)

ನಕಾಶೆ ತೆಗೆದು ನೋಡಿ. ಹುಮನಾಬಾದ್‌ನಿಂದ ಸುರತ್ಕಲ್ 700 ಕಿಲೋಮೀಟರ್ ಮೇಲೆ. ಬೆಂಗಳೂರು 650ರ ಆಸುಪಾಸು. ಹೈದರಾಬಾದ್ 150, ಅಲ್ಲಿಂದ ವಾರಂಗಲ್ ಇನ್ನೊಂದು 150. ನಮ್ಮ ಬೀದರ್ ಜಿಲ್ಲೆಯವರಿಗೆ ಪರರಾಜ್ಯವೇ ಹತ್ತಿರ, ಸ್ವಂತ ರಾಜ್ಯವೇ ದೂರ. ಬೇರೆ ರಾಜ್ಯ ಅಂದ ಕೂಡಲೇ ದೂರ ಅಂತ ಹೆದರುವವರು ಬೆಂಗಳೂರಿಗೆ ಕಳಿಸುವಾಗ ಒಂದು ಮಾತೂ ಆಡುವುದಿಲ್ಲ, ಅದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆದರೂ ಕಿಲೋಮೀಟರ್ ನಂಬಿ ಒಂದು ಸಲ ಕೆಟ್ಟಿದ್ದೆನಲ್ಲ, ಈ ಸಲ ತಾಸು ಎಣಿಸಿದೆ. ರಾತ್ರಿ 9ಕ್ಕೆ ಫೋನ್ ಬಂದರೆ ಬೆಳಗಿನ ಚಹಾದೊಳಗೆ ಹಾಸ್ಟೆಲ್ ಗೇಟಿನ ಮುಂದೆ ನಿಲ್ಲಬಹುದಾ? ಸುಮ್ನೆ ಊಹಿಸಲಿಲ್ಲ, ಮಾಡಿಯೇ ನೋಡಿದೆ. ಜೋಸಾ ಎರಡನೇ ರೌಂಡ್ ನಡೆಯುವಾಗ ಒಂದು ರಾತ್ರಿ 9ಕ್ಕೆ ಅಂಗಡಿ ಶಟರ್ ಎಳೆದು, ಟಿಕೆಟ್ ಇಲ್ಲದೆ, ಚೀಲ ಇಲ್ಲದೆ ಹೈವೇಗೆ ಹೋಗಿ ನಿಂತೆ. ಸೊಲ್ಲಾಪುರ ಕಡೆಯಿಂದ ಬರುವ ಬಸ್ಸು ಸಿಕ್ಕಿತು, 1 ಗಂಟೆಗೆಲ್ಲ ಹೈದರಾಬಾದ್. ಸಿಕಂದರಾಬಾದ್ ಸ್ಟೇಷನ್ ಪ್ಲಾಟ್‌ಫಾರ್ಮ್ ಮೇಲೆ ಸೊಳ್ಳೆ ಹೊಡೆಯುತ್ತಾ ಕೂತು, ಬೆಳಗಿನ ಜಾವದ ರೈಲು ಹಿಡಿದು, 8 ಆಗುವಷ್ಟರಲ್ಲಿ ಕಾಜಿಪೇಟೆ. ಕಾಲೇಜು ಅಲ್ಲಿಂದ ಆಟೋ ದೂರ. ಒಟ್ಟು 11 ತಾಸು, 600 ರೂಪಾಯಿಯೊಳಗೆ. ಗೇಟಿನ ಹತ್ತಿರ ಇಡ್ಲಿ ತಿಂದು ವಾಚ್‌ಮನ್ ಜೊತೆ ಮಾತಾಡಿ ವಾಪಸ್ ಬಂದೆ. ನಮ್ಮ ಬೀದರ್ ಹಿಂದಿ ಅಲ್ಲಿ ಚೆನ್ನಾಗಿ ನಡೆಯುತ್ತದೆ, ತೆಲುಗು ಬರದಿದ್ದರೂ ಪರವಾಗಿಲ್ಲ. ಸುರತ್ಕಲ್‌ಗೆ ಬಸ್ಸೊಂದೇ 16 ತಾಸು ಅಂದರು, ಅದನ್ನು ಮಾಡಿ ನೋಡಲು ಧೈರ್ಯ ಬರಲಿಲ್ಲ. ಅಂಗಡಿ ಮುಚ್ಚಿದ ದಿನಕ್ಕೆ 1,200 ಅಂತ ಹಿಡಿದು ಅದನ್ನೂ ಓಡಾಟದ ಖರ್ಚಿಗೆ ಸೇರಿಸಿದೆ, ಇದನ್ನು ಯಾರೂ ಸೇರಿಸುವುದಿಲ್ಲ, ನೀವು ಸೇರಿಸಿ.

ಕೆಮಿಕಲ್ ಬಿಟ್ಟು ಮೆಟಲರ್ಜಿ ತಗೊಂಡದ್ದು ಸರಿಯಾ ಅಂತ ಮಗಳು ಮೊದಲ ವರ್ಷ ಎರಡು ಮೂರು ಸಲ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಕೇಳುವುದಿಲ್ಲ.

ಕಾಗದದಲ್ಲಿ ಆದ ತಪ್ಪು ನನ್ನದೇ. ಸಿಇಟಿಗೆ ಮಾಡಿಸಿದ 2ಎ ಜಾತಿ ಪತ್ರ ಇಟ್ಟುಕೊಂಡು ಎಲ್ಲ ಆಯಿತು ಅಂತ ಕೂತಿದ್ದೆ. ಜೋಸಾಗೆ ಅದು ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯಾ ಅಂತ ಬೇರೆಯಾಗಿ ನೋಡಬೇಕು, ರಾಜ್ಯದಲ್ಲಿ ಹಿಂದುಳಿದವರೆಲ್ಲ ಅಲ್ಲಿ ಇರುವುದಿಲ್ಲ. ಪತ್ರವೂ ಕೇಂದ್ರದ ನಮೂನೆಯಲ್ಲಿ, ಆ ವರ್ಷದ ಏಪ್ರಿಲ್ 1ರ ನಂತರದ್ದು ಆಗಿರಬೇಕು. ಗೊತ್ತಾದದ್ದು ಕೊನೆಗಳಿಗೆಯಲ್ಲಿ. ಹತ್ತು ದಿನ ಓಡಾಡಿದೆ, ರಾತ್ರಿ ನಿದ್ದೆ ಇಲ್ಲ. ಆದಾಯ ಪತ್ರ ಕನ್ನಡದಲ್ಲಿತ್ತು, ಇಂಗ್ಲಿಷ್‌ಗೆ ಅನುವಾದ ಮಾಡಿಸಿ ನೋಟರಿ ಹಾಕಿಸಿಕೊಂಡು ಹೋದೆ, 400 ರೂಪಾಯಿ ಕೊಟ್ಟ ನೆನಪು.

ಖಾಸಗಿ ಕಾಲೇಜುಗಳ ಮೇಲೆ ಒಂದು ಪ್ರಯೋಗ ಮಾಡಿದೆ, ತಮಾಷೆಗೆ ಶುರುವಾಗಿ ಕೆಲಸಕ್ಕೆ ಬಂತು. ಒಂದೇ ಕಾಲೇಜಿಗೆ ಎರಡು ಬೇರೆ ದಿನ, ಎರಡು ಬೇರೆ ನಂಬರಿನಿಂದ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುವುದು: ನಾಲ್ಕನೇ ವರ್ಷ ಒಟ್ಟು ಎಷ್ಟು ಕಟ್ಟಬೇಕು? ಏಳು ಕಾಲೇಜಿಗೆ ಮಾಡಿದೆ. ಐದರಲ್ಲಿ ಎರಡು ದಿನ ಎರಡು ಉತ್ತರ. ಒಂದರಲ್ಲಿ ವ್ಯತ್ಯಾಸ 70 ಸಾವಿರ. ಸ್ಕಾಲರ್‌ಶಿಪ್ ಹೆಚ್ಚಿಸಿಕೊಳ್ಳಲು ಕೇಳುವ ಇನ್ನೊಂದು ಪ್ರಶ್ನೆ ಇದೆ, ಅದನ್ನು ಯಾವ ತಿಂಗಳು ಕೇಳಬೇಕು ಅನ್ನುವುದೂ ಇದೆ. ಅದು ಇಲ್ಲಿ ಬೇಡ, ಎಲ್ಲರೂ ಕೇಳಲು ಶುರು ಮಾಡಿದರೆ ಉಪಯೋಗ ಇರುವುದಿಲ್ಲ.

ಇನ್ನೊಂದು ಪ್ರಯೋಗ ಮಗಳದ್ದು. ಶಕ್ತಿ ಯೋಜನೆ ಬಂದ ಮೇಲೆ ಅವಳಿಗೆ ಆಸೆ ಹುಟ್ಟಿತು. ಹೈದರಾಬಾದ್ ಬಸ್ಸಿಗೆ ಅದು ನಡೆಯುವುದಿಲ್ಲ, ಅಲ್ಲಿಯ ಫ್ರೀ ಬಸ್ಸಿನ ಮಹಾಲಕ್ಷ್ಮಿ ಯೋಜನೆ ತೆಲಂಗಾಣದ ಹೆಣ್ಣುಮಕ್ಕಳಿಗೆ ಮಾತ್ರ. ಹಾಗಾಗಿ ಹುಮನಾಬಾದ್‌ನಿಂದ ನಮ್ಮ ಜಿಲ್ಲೆಯದೇ ಆದ ಮನ್ನಾಎಖೇಳಿ ತನಕ ಫ್ರೀಯಾಗಿ ಹೋಗಿ, ಅಲ್ಲಿಂದ ಟಿಕೆಟ್ ತೆಗೆಯುವುದು. 40 ರೂಪಾಯಿ ಉಳಿಯಿತು, ಒಂದೂವರೆ ತಾಸು ಬಿಸಿಲಲ್ಲಿ ನಿಂತಳು. ಎರಡೇ ಸಲ ಮಾಡಿದಳು. ರೊಟ್ಟಿಯ ಪ್ರಯೋಗ ಮಾತ್ರ ಗೆದ್ದಿತು. ಕಡಕ್ ರೊಟ್ಟಿ 60, ಶೇಂಗಾ ಹಿಂಡಿ (ಚಟ್ನಿಪುಡಿ) ಒಂದು ಕಿಲೋ, ಸ್ಟೀಲ್ ಡಬ್ಬಿಯಲ್ಲಿ ಒಂದು ತಿಂಗಳು ಆರಾಮಾಗಿ ಇರುತ್ತದೆ ಅಂತ ಮನೆಯಾಕೆ ಲೆಕ್ಕ ಹಾಕಿದ್ದಳು. ಆಂಧ್ರದ ಹುಡುಗಿಯರು ಸೇರಿ ಒಂಬತ್ತು ದಿನಕ್ಕೆ ಖಾಲಿ ಮಾಡಿದರು. ಈಗ 150 ಕಳಿಸುತ್ತೇವೆ.

ಲೆಕ್ಕ ತಪ್ಪಿದ್ದೂ ಉಂಟು. ಲ್ಯಾಪ್‌ಟಾಪ್ ಬರೆಯಲು ಮರೆತಿದ್ದೆ, 52 ಸಾವಿರ. ಮೂರನೇ ವರ್ಷದ ಬೇಸಿಗೆಯಲ್ಲಿ ಇಂಟರ್ನ್‌ಶಿಪ್‌ಗೆ ಎರಡು ತಿಂಗಳು ಪುಣೆಯಲ್ಲಿ ರೂಮು, ಅದೂ ಇರಲಿಲ್ಲ. ಇನ್ನೊಂದು ಕಡೆ ಸೊನ್ನೆ ಬರೆದಿದ್ದ 12 ಸಾವಿರದ ಸ್ಕಾಲರ್‌ಶಿಪ್ ಬಂತು, ಆದರೆ ಫೀಸು ಕಟ್ಟಿ ಎಷ್ಟೋ ತಿಂಗಳಾದ ಮೇಲೆ. ಸೊನ್ನೆ ಬರೆದದ್ದೇ ಒಳ್ಳೆಯದಾಯಿತು, ಅದನ್ನು ನಂಬಿದ್ದರೆ ಆ ಸೆಮಿಸ್ಟರ್ ಯಾರ ಹತ್ತಿರವೋ ಕೈಗಡ ಕೇಳಬೇಕಿತ್ತು. ಸಾಲ ಒಟ್ಟು 3 ಲಕ್ಷ ತೆಗೆದಿದ್ದೇವೆ. 2024ರ ನವೆಂಬರ್‌ನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಅಂತ ಬಂತಲ್ಲ, ಜಾಮೀನು ಇಲ್ಲದೆ ಕೊಡುವ ಸಾಲ, ನಾವು ಸೇರುವಾಗ ಅದು ಇರಲಿಲ್ಲ. ಈಗ ಸೇರುವವರು ನಿಮ್ಮ ಕಾಲೇಜು ಅದರ ಪಟ್ಟಿಯಲ್ಲಿದೆಯಾ ಅಂತ ಸೀಟು ಒಪ್ಪಿಕೊಳ್ಳುವ ಮೊದಲೇ ನೋಡಿ.

ನಾಲ್ಕು ವರ್ಷದಲ್ಲಿ ಆ 11 ತಾಸಿನ ಓಟ ಒಂದೇ ಸಲ ಓಡಿದ್ದು. ಎರಡನೇ ವರ್ಷ, ಕಾಲು ಜಾರಿ ಬಿದ್ದು ಮೊಣಕೈ ಮುರಿದಿತ್ತು. ರಾತ್ರಿ 10ಕ್ಕೆ ಫೋನ್ ಬಂತು. ಬೆಳಿಗ್ಗೆ ಪ್ಲಾಸ್ಟರ್ ಹಾಕುವಾಗ ನಾನು ಅಲ್ಲಿದ್ದೆ, ಇನ್ನೊಂದು ಕೈ ಹಿಡಿದುಕೊಂಡು.

ಹೋದ ವಾರ ಭಾವ ನೋಟ್‌ಬುಕ್ ಕೇಳಿದ. ಕೊಟ್ಟೆ. ಸ್ಕಾಲರ್‌ಶಿಪ್ ಹೆಚ್ಚಿಸಿಕೊಳ್ಳಲು ಕೇಳುವ ಆ ಪ್ರಶ್ನೆ ಬರೆದ ಎರಡು ಪುಟಕ್ಕೆ ಮಾತ್ರ ಸ್ಟೇಪ್ಲರ್ ಹೊಡೆದು ಕೊಟ್ಟೆ. "ಇದೇನಿದು?" ಅಂದ. ಅದು ಗಿರಾಕಿಗಳ ಉದ್ರಿ ಲೆಕ್ಕ ಅಂದೆ.